ಮರ ಹೂ ಬಿಡುತ್ತದೆ, ನಾವು ಕಾಗದ ಬಿಡಬೇಕು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮಾರ್ಚ್ ತಿಂಗಳ ಒಂದು ಭಾನುವಾರ ಆಡಿದ ಮಾತು ಇದು. ಬರೆದುಕೊಡಿ ಅಂತ ಕೇಳಿದರು. ತೊದಲಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನಾನು ಮೈಕ್ ಹಿಡಿಯುವ ಮೊದಲೇ, ಮುಂದಿನ ಸಾಲಿನಲ್ಲಿ ಕೂತಿರುವ ಈ ಹುಡುಗ ನನ್ನ ಡಬ್ಬಿ ನೋಡಿ ಕೇಳಿದ: “ಅಂಕಲ್, ಕಲರ್ ಪೆನ್ಸಿಲ್ ಯುಕೆಜಿಯವರದ್ದಲ್ವಾ? ನಮಗೆಲ್ಲ ಈಗ ವಾಟರ್ ಕಲರ್.” ಅವನು ನಾಲ್ಕನೇ ಕ್ಲಾಸಂತೆ. ಅವನ ಲೆಕ್ಕದಲ್ಲಿ ನಾನು ಎಷ್ಟು ವರ್ಷ ಫೇಲಾಗಿದ್ದೇನೆ ಅಂತ ನೀವೇ ಎಣಿಸಿಕೊಳ್ಳಿ.

ಅವನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕಲರ್ ಪೆನ್ಸಿಲ್ ಮಕ್ಕಳ ಸಾಮಾನು ಅನ್ನುವ ಭಾವನೆ ನಮ್ಮೆಲ್ಲರಿಗೂ ಇದೆ. ಯಾಕೆ ಅಂದರೆ ನಾವು ಅದನ್ನು ಕೊನೆಯ ಸಲ ಹಿಡಿದದ್ದೇ ಆಗ. ಹನ್ನೆರಡು ಬಣ್ಣದ ಪೊಟ್ಟಣ, ಅದರಲ್ಲಿ ಬಿಳಿ ಪೆನ್ಸಿಲ್ ಮಾತ್ರ ಕೊನೆಯವರೆಗೂ ಉದ್ದ ಇರುತ್ತಿತ್ತು, ನೆನಪಿದೆಯಾ? ಅದರಲ್ಲಿ ಬರೆದರೆ ಏನೂ ಕಾಣುತ್ತಿರಲಿಲ್ಲ. ಆ ಬಿಳಿ ಪೆನ್ಸಿಲ್ ಯಾಕೆ ಸವೆಯಲಿಲ್ಲ ಅನ್ನುವುದರಲ್ಲೇ ಇವತ್ತಿನ ಪಾಠ ಪೂರ್ತಿ ಇದೆ.

ಪೆನ್ಸಿಲ್‌ನ ಬಣ್ಣದ ಕಡ್ಡಿಯಲ್ಲಿ ಇರುವುದು ಬಣ್ಣದ ಪುಡಿ, ಮೇಣ ಅಥವಾ ಎಣ್ಣೆ, ಒಂದಿಷ್ಟು ಜೇಡಿಯಂಥ ಪುಡಿ, ಅಂಟು. ಮಾಮೂಲಿ ಬರೆಯುವ ಪೆನ್ಸಿಲ್‌ನ ಕಡ್ಡಿಯನ್ನು ಭಟ್ಟಿಯಲ್ಲಿ ಸುಟ್ಟು ಗಟ್ಟಿ ಮಾಡುತ್ತಾರೆ. ಬಣ್ಣದ ಕಡ್ಡಿಯನ್ನು ಹಾಗೆ ಸುಡುವಂತಿಲ್ಲ. ಸುಟ್ಟರೆ ಮೇಣ ಕರಗಿ ಹೋಗುತ್ತದೆ, ಬಣ್ಣವೂ ಕೆಡುತ್ತದೆ. ಸುಮ್ನೆ ಒಣಗಿಸುತ್ತಾರೆ ಅಷ್ಟೆ. ಅದಕ್ಕೇ ಅದು ಮೆತ್ತಗೆ, ಅದಕ್ಕೇ ಮೆಂಡರ್‌ನಲ್ಲಿ ಪಟಪಟ ಮುರಿಯುತ್ತದೆ. ಕೈ ಜಾರಿ ನೆಲಕ್ಕೆ ಬಿದ್ದರೆ ಮರದ ಒಳಗೇ ಚೂರುಚೂರಾಗಿರುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಒಮ್ಮೆ ಏಪ್ರಿಲ್‌ನಲ್ಲಿ ನಾನು ಡಬ್ಬಿಯನ್ನು ಸ್ಕೂಟರ್ ಸೀಟಿನ ಕೆಳಗೆ ಇಟ್ಟು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಲ್ಲಿಸಿದ್ದೆ. ಸಂಜೆ ಮೊನೆ ಮಾಡಲು ಹೋದರೆ ಕಡ್ಡಿಗಳು ಬೆಣ್ಣೆ ಆಗಿದ್ದವು. ಮೇಣ ಅಲ್ವಾ.

ಈ ಬಣ್ಣ ಕಾಗದದ ಮೇಲೆ ತೆಳ್ಳಗೆ ಕೂರುತ್ತದೆ. ಕೆಳಗಿನದು ಮೇಲಕ್ಕೆ ಇಣುಕುತ್ತದೆ. ಹಳದಿಯ ಮೇಲೆ ನೀಲಿ ತಿಕ್ಕಿದರೆ ಹಸಿರು ಬರುವುದು ಹೀಗೆ. ಆದರೆ ಕಡುಬಣ್ಣದ ಮೇಲೆ ತಿಳಿಬಣ್ಣ ತಿಕ್ಕಿದರೆ ಅದು ಮುಚ್ಚುವುದಿಲ್ಲ. ಎಣ್ಣೆ ಬಣ್ಣದವರು ಕಪ್ಪು ಕೊಂಬೆ ಬಳಿದು, ಅದರ ಮೇಲೆ ಬಿಳಿ ಹೂ ಚುಕ್ಕೆ ಇಟ್ಟು ಎದ್ದು ಹೋಗುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ನಮ್ಮ ಹತ್ತಿರ ಇರುವ ಅತ್ಯಂತ ಬೆಳ್ಳಗಿನ ಬಣ್ಣ ಕಾಗದ. ಒಮ್ಮೆ ಅದನ್ನು ಮುಚ್ಚಿದರೆ ಮುಗಿಯಿತು.

ಈಗ ಹೂ ಬಿಟ್ಟ ಮರದ ಮುಂದೆ ಕೂತಿದ್ದೀರಿ ಅಂದುಕೊಳ್ಳಿ. ಆ ಮರದಲ್ಲಿ ಎಲ್ಲಕ್ಕಿಂತ ಬೆಳಕಾಗಿರುವುದು ಯಾವುದು? ಹೂವೇ. ಅಂದರೆ ಯಾವುದನ್ನು ನೋಡಿ ಆಸೆಪಟ್ಟು ಬಂದಿರೋ ಅದನ್ನೇ ಮುಟ್ಟದೆ ಬಿಡಬೇಕು. ಕನ್ನಡದಲ್ಲಿ ಮರ ಹೂ ಬಿಡುತ್ತದೆ ಅನ್ನುತ್ತೇವೆ, ಚಿತ್ರ ಬಿಡಿಸುತ್ತೇವೆ ಅನ್ನುತ್ತೇವೆ. ಇಪ್ಪತ್ತು ವರ್ಷ ಪೆನ್ಸಿಲ್ ತಿಕ್ಕಿದ ಮೇಲೆ ನನಗೆ ಹೊಳೆದದ್ದು ಇಷ್ಟೆ: ಎರಡಕ್ಕೂ ಮಧ್ಯೆ ಇನ್ನೊಂದು ‘ಬಿಡು’ ಇದೆ. ಬಿಡಲು ಬಂದವನಿಗೆ ಬಿಡಿಸಲೂ ಬರುತ್ತದೆ.

ಮಾತು ಜಾಸ್ತಿ ಆಯಿತು. ಮರಕ್ಕೆ ಹೋಗೋಣ.

ನಮ್ಮ ಬೆಂಗಳೂರಿನಲ್ಲಿ ಈ ಕಾಲಕ್ಕೆ ಎಲ್ಲರೂ ಫೋಟೋ ಹಾಕುವುದು ಗುಲಾಬಿ ಟಬೆಬುಯಾ. ‘ಬೆಂಗಳೂರಿನ ಚೆರ್ರಿ ಹೂ’ ಅಂತ ಬೇರೆ ಬರೆಯುತ್ತಾರೆ. ನನಗೆ ಇದು ಸ್ವಲ್ಪ ಕಿರಿಕಿರಿ. ಅದು ಚೆರ್ರಿ ಅಲ್ಲ, ಜಪಾನಿನದೂ ಅಲ್ಲ. ಮಧ್ಯ ಅಮೆರಿಕದ ಕಡೆಯ ಮರ, ನಮ್ಮ ಆಕಾಶಮಲ್ಲಿಗೆಯ ಬಂಧು. ಹೆಸರಿಗೆ ಜಗಳ ಆಡುತ್ತಿಲ್ಲ, ಚಿತ್ರಕ್ಕೆ ತೊಂದರೆ ಆಗುತ್ತದೆ. ಯಾಕೆಂದರೆ ಜನ ಮೊಬೈಲ್‌ನಲ್ಲಿ ಚೆರ್ರಿ ಹೂ ಬಿಡಿಸುವ ವಿಡಿಯೋ ನೋಡಿ ಬರುತ್ತಾರೆ. ಚೆರ್ರಿಯದು ಐದು ಎಸಳಿನ ಪುಟ್ಟ ಚಪ್ಪಟೆ ಹೂ, ಕೊಂಬೆಯ ಉದ್ದಕ್ಕೂ ಅಂಟಿಕೊಂಡಿರುತ್ತದೆ. ಚುಕ್ಕೆ ಇಟ್ಟರೆ ನಡೆಯುತ್ತದೆ. ಟಬೆಬುಯಾದ ಹೂ ತುತ್ತೂರಿ. ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಕೂರುತ್ತದೆ. ಅದಕ್ಕೆ ಚುಕ್ಕೆ ಇಟ್ಟರೆ ಮರಕ್ಕೆ ಸಿಡುಬು ಬಂದ ಹಾಗೆ ಕಾಣುತ್ತದೆ. ನನ್ನ ಮೊದಲ ಹತ್ತು ಚಿತ್ರಗಳಿಗೂ ಸಿಡುಬು ಬಂದಿತ್ತು.

ಮರ ನೋಡುವ ಮೊದಲು ಕೆಳಗೆ ಬಿದ್ದ ಒಂದು ಹೂ ಎತ್ತಿಕೊಳ್ಳಿ. ಇದು ಎಸಳು ಎಸಳಾಗಿ ಉದುರುವ ಹೂವಲ್ಲ, ಇಡೀ ತುತ್ತೂರಿಯೇ ಕಳಚಿ ಬೀಳುತ್ತದೆ. ಮಕ್ಕಳು ಬೆರಳಿಗೆ ಟೊಪ್ಪಿ ಹಾಕಿಕೊಳ್ಳುತ್ತಾರೆ. ಒಳಗೆ ಇಣುಕಿ ನೋಡಿ. ಹೊಸ ಹೂವಿನ ಗಂಟಲು ಹಳದಿ. ಹಳೆಯದಾದರೆ ಅದೇ ಗಂಟಲು ಬಿಳಿಚಿಕೊಂಡಿರುತ್ತದೆ. ಎಸಳಿನ ಅಂಚು ಇಸ್ತ್ರಿ ಮಾಡದ ಬಟ್ಟೆಯ ಹಾಗೆ ಸುಕ್ಕು. ಈ ಒಂದು ಹೂವನ್ನು ಕಾಗದದ ಮೂಲೆಯಲ್ಲಿ ನಿಜವಾದ ಗಾತ್ರದಲ್ಲಿ ಬಿಡಿಸಿ. ಹತ್ತು ನಿಮಿಷ ಸಾಕು. ಆಮೇಲೆ ಮರದ ಮೇಲೆ ಒಂದೂ ಹೂ ಬಿಡಿಸಬೇಡಿ. ಕೈಗೆ ಹೂವಿನ ಪರಿಚಯ ಆಗಿರುತ್ತದೆ, ಆಸೆಯೂ ತೀರಿರುತ್ತದೆ.

ನಾನು ಕಬ್ಬನ್ ಪಾರ್ಕಿಗೆ ಬೆಳಿಗ್ಗೆ ಏಳರ ಒಳಗೆ ಹೋಗುತ್ತೇನೆ. ಸಾಮಾನು ಕಡಿಮೆ. ಪರೀಕ್ಷೆಗೆ ಒಯ್ಯುತ್ತಿದ್ದೆವಲ್ಲ, ಆ ಕ್ಲಿಪ್ ಇರುವ ಪ್ಯಾಡ್. ಸ್ವಲ್ಪ ತರಿತರಿಯಾದ, ದಪ್ಪ ಕಾಗದ. ತೀರಾ ನುಣುಪಾಗಿದ್ದರೆ ಬಣ್ಣ ಹಿಡಿಯುವುದಿಲ್ಲ, ಎರಡು ಪದರಕ್ಕೇ ಜಾರುತ್ತದೆ. ಪೆನ್ಸಿಲ್ ಹದಿನೈದು ಸಾಕು. ಒಂದು ಮೆಂಡರ್, ಅದರ ಸಿಪ್ಪೆ ಹಾಕಲು ಹಳೆಯ ಕ್ಯಾಮೆರಾ ರೀಲಿನ ಡಬ್ಬಿ. ಇಂಕು ಮುಗಿದ ಒಂದು ಬಾಲ್ ಪೆನ್. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕೂರಲು ದಿನಪತ್ರಿಕೆ, ನೀರು. ಸೊಳ್ಳೆಗೆ ಏನಾದರೂ ಹಚ್ಚಿಕೊಂಡು ಹೋಗಿ, ಇದನ್ನು ಯಾವ ಚಿತ್ರಕಲೆ ಪುಸ್ತಕದಲ್ಲೂ ಬರೆಯುವುದಿಲ್ಲ.

ಸೂರ್ಯ ಮರದ ಪಕ್ಕಕ್ಕೆ ಬರುವ ಹಾಗೆ ಜಾಗ ಹಿಡಿಯಿರಿ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ಮರ ಗುಲಾಬಿ ಬಣ್ಣದ ರಟ್ಟಿನ ಹಾಗೆ ಚಪ್ಪಟೆ ಕಾಣುತ್ತದೆ. ಪಕ್ಕದಲ್ಲಿದ್ದರೆ ಪ್ರತಿ ಗೊಂಚಲಿಗೂ ಒಂದು ಬೆಳಕಿನ ಕೆನ್ನೆ, ಒಂದು ನೆರಳಿನ ಕೆನ್ನೆ. ಈಗ ಕಣ್ಣು ಅರ್ಧ ಮುಚ್ಚಿ. ಹೂಗಳು ಮಾಯವಾಗುತ್ತವೆ, ಮೋಡದಂಥ ಏಳೆಂಟು ಉಂಡೆಗಳು ಮಾತ್ರ ಉಳಿಯುತ್ತವೆ. ಚಿತ್ರ ಅಂದರೆ ಅಷ್ಟೇ.

ಹೊರಗೆರೆಗೆ ಮಾಮೂಲಿ ಕಪ್ಪು ಪೆನ್ಸಿಲ್ ಬೇಡ. ಅದರ ಕರಿ ಪುಡಿ ಗುಲಾಬಿಯ ಜೊತೆ ಸೇರಿ ಹೂವಿಗೆ ಹೊಗೆ ಹಿಡಿದ ಹಾಗೆ ಆಗುತ್ತದೆ. ತೆಳು ನೇರಳೆ ಅಥವಾ ಬೂದು ಬಣ್ಣದ ಪೆನ್ಸಿಲ್ ತಗೊಳ್ಳಿ. ಕಾಂಡ ಎಲ್ಲಿ ಕವಲಾಯಿತು, ಕವಲು ಮತ್ತೆ ಎಲ್ಲಿ ಒಡೆಯಿತು, ಅಷ್ಟು ಗುರುತು. ಉಂಡೆಗಳ ಜಾಗ ಸುತ್ತಿಡಿ.

ಇಲ್ಲಿ ಖಾಲಿ ಬಾಲ್ ಪೆನ್. ಬಿಸಿಲು ಬಿದ್ದು ಹೊಳೆಯುವ ಸಣ್ಣ ರೆಂಬೆಗಳು, ಒಂದೆರಡು ಹೂವಿನ ಅಂಚು, ಇವನ್ನು ಆ ಪೆನ್ನಿನಲ್ಲಿ ಒತ್ತಿ ಗೀರಿ. ಕಾಗದದಲ್ಲಿ ಸಣ್ಣ ಕಾಲುವೆ ಬೀಳುತ್ತದೆ. ಆಮೇಲೆ ಪೆನ್ಸಿಲ್ ಅಡ್ಡಡ್ಡ ಹಿಡಿದು ಬಣ್ಣ ಹಾಕಿದರೆ ಅದು ಕಾಲುವೆಯ ಮೇಲೆ ಹಾರಿ ಹೋಗುತ್ತದೆ, ಗೆರೆ ಬೆಳ್ಳಗೆ ಉಳಿಯುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಈ ಹುಡುಗನಿಗೆ ತೋರಿಸಿದೆ, ಅವನು ಇಡೀ ಕಾಗದದ ತುಂಬ ಅವನ ಹೆಸರು ಗೀರಿ ನೀಲಿ ಬಳಿದುಕೊಂಡಿದ್ದಾನೆ. ನೋಡಿ, ತಲೆ ಎತ್ತುತ್ತಲೇ ಇಲ್ಲ.

ಆಮೇಲೆ ಮೊದಲು ಹಾಕುವ ಬಣ್ಣ ಗುಲಾಬಿ ಅಲ್ಲ, ಆಕಾಶ. ಜನ ಆಕಾಶವನ್ನು ಕೊನೆಗೆ, ಉಳಿದ ಜಾಗಕ್ಕೆ ತುಂಬುತ್ತಾರೆ. ನಾನು ಉಲ್ಟಾ. ತಿಳಿನೀಲಿಯನ್ನು ಉಂಡೆಗಳ ಸುತ್ತ, ಉಂಡೆಗಳ ನಡುವಿನ ಕಿಂಡಿಗಳಲ್ಲಿ ತುಂಬುತ್ತಾ ಬರುತ್ತೇನೆ. ಅರ್ಧ ಗಂಟೆ ಆಗುವಾಗ ಮರ ತಾನಾಗಿ ಬೆಳ್ಳಗೆ ಎದ್ದು ನಿಂತಿರುತ್ತದೆ, ಅದಕ್ಕೆ ನಾನು ಇನ್ನೂ ಬಣ್ಣವನ್ನೇ ಹಾಕಿರುವುದಿಲ್ಲ. ಒಂದು ಸೂಕ್ಷ್ಮ ಇದೆ. ಕೊಂಬೆಗಳ ನಡುವೆ ಕಾಣುವ ಸಣ್ಣ ಕಿಂಡಿಯ ಆಕಾಶ ಬಯಲಿನ ಆಕಾಶಕ್ಕಿಂತ ಒಂದು ಛಾಯೆ ಕಡು ಇರಬೇಕು. ಎರಡನ್ನೂ ಒಂದೇ ತರ ಹಾಕಿದರೆ ಕಿಂಡಿಗಳು ಮರದ ಮೇಲೆ ಅಂಟಿಸಿದ ನೀಲಿ ಬಿಂದಿಗಳ ಹಾಗೆ ಮುಂದಕ್ಕೆ ಬರುತ್ತವೆ.

ಆಮೇಲೆ ಗುಲಾಬಿ. ಬೆಳಕಿನ ಕೆನ್ನೆಯನ್ನು ಮುಟ್ಟಬೇಡಿ, ಬೇಕಿದ್ದರೆ ಒಂದು ಉಸಿರಿನಷ್ಟು ಕೆನೆ ಬಣ್ಣ. ಮಧ್ಯಕ್ಕೆ ತಿಳಿಗುಲಾಬಿ. ನೆರಳಿನ ಕೆನ್ನೆಗೆ ಎಲ್ಲರೂ ಮಾಡುವ ತಪ್ಪು ಇನ್ನೂ ಕಡು ಗುಲಾಬಿ ಹಾಕುವುದು. ನಿಂತು ನೋಡಿ, ಅಲ್ಲಿ ಆಕಾಶದ ನೀಲಿ ಬಿದ್ದಿರುತ್ತದೆ. ಅದು ನೇರಳೆಯ ಕಡೆಗೆ ಹೊರಳಿರುತ್ತದೆ. ಗುಲಾಬಿಯ ಮೇಲೆ ಆಕಾಶಕ್ಕೆ ಹಾಕಿದ ಅದೇ ನೀಲಿಯನ್ನು ಮೆಲ್ಲಗೆ ಎಳೆದರೆ ಬಂತು. ಅದೇ ಪೆನ್ಸಿಲ್ ಎರಡೂ ಕಡೆ ಓಡಾಡಿದ್ದರಿಂದ ಮರ ಆ ಆಕಾಶದ ಕೆಳಗೇ ನಿಂತಿದೆ ಅಂತ ಅನಿಸುತ್ತದೆ. ಕೊಂಬೆ ಕೊನೆಗೆ. ಅದನ್ನೂ ಕಪ್ಪಿನಲ್ಲಿ ಬೇಡ, ಕಡುನೀಲಿಯ ಮೇಲೆ ಕಂದು. ಕೊಂಬೆಯನ್ನು ಉದ್ದಕ್ಕೆ ಎಳೆಯಬೇಡಿ. ಅದು ಕಿಂಡಿಯಲ್ಲಿ ಕಾಣುತ್ತದೆ, ಹೂವಿನ ಹಿಂದೆ ಹೋಗುತ್ತದೆ, ಇನ್ನೊಂದು ಕಿಂಡಿಯಲ್ಲಿ ಬರುತ್ತದೆ. ಮೆಜೆಸ್ಟಿಕ್‌ನ ಜನಸಂದಣಿಯಲ್ಲಿ ಪರಿಚಯದವರ ತಲೆ ಆಗಾಗ ಕಾಣುತ್ತದಲ್ಲ, ಹಾಗೆ.

ನೆರಳಿನ ಬಗ್ಗೆ ಇನ್ನೊಂದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಎರಡು ಗಂಟೆ ಕೂತರೆ ನೆಲದ ನೆರಳು ಇನ್ನೆಲ್ಲಿಗೋ ಹೋಗಿರುತ್ತದೆ. ಕೂತ ಹತ್ತು ನಿಮಿಷದಲ್ಲಿ ನೆರಳಿನ ಗಡಿ ಗುರುತು ಹಾಕಿ ಅದಕ್ಕೇ ಅಂಟಿಕೊಳ್ಳಿ. ಸೂರ್ಯನ ಹಿಂದೆ ಓಡಿದರೆ ಬೆಳಿಗ್ಗೆ ಏಳು ಗಂಟೆಯೂ ಒಂಬತ್ತು ಗಂಟೆಯೂ ಒಂದೇ ಮರದಲ್ಲಿ ಕೂರುತ್ತವೆ.

ನಡುವೆ ಜನ ಬರುತ್ತಾರೆ. ಬೆಂಗಳೂರಿನಲ್ಲಿ ಕಾಗದ ಪೆನ್ಸಿಲ್ ಹಿಡಿದು ಮರವನ್ನೇ ದಿಟ್ಟಿಸುವವನನ್ನು ಯಾರೂ ಕಲಾವಿದ ಅಂದುಕೊಳ್ಳುವುದಿಲ್ಲ. ನಮ್ಮ ಬಡಾವಣೆಯ ಪಾರ್ಕಿನ ಸೆಕ್ಯೂರಿಟಿಯವರು ಮೊದಲ ದಿನ ನನ್ನ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು: “ಸಾರ್, ಸರ್ವೆನಾ? ಕಡೀತಾರಾ?” ನಾನು ಪ್ಯಾಡ್ ತಿರುಗಿಸಿ ತೋರಿಸಿದೆ. ಆಗ ಆಗಿದ್ದು ಬರೀ ಆಕಾಶ, ಮರ ಇರಬೇಕಾದಲ್ಲಿ ಖಾಲಿ ಜಾಗ. ಅವರ ಮುಖ ಇನ್ನೂ ಬಾಡಿತು. ಕಡಿದ ಮೇಲೆ ಹೇಗಿರುತ್ತೆ ಅಂತ ನಕ್ಷೆ ಮಾಡುತ್ತಿದ್ದೇನೆ ಅಂದುಕೊಂಡರಂತೆ.

ಹಳದಿ ಟಬೆಬುಯಾಕ್ಕೆ ಬರುತ್ತೇನೆ. ಗುಲಾಬಿಯದು ಮುಗಿಯುತ್ತ ಬಂದಾಗ, ಫೆಬ್ರವರಿ ಮಾರ್ಚ್‌ನಲ್ಲಿ, ಇದು ಶುರು. ದಕ್ಷಿಣ ಅಮೆರಿಕದ್ದು. ಸೊಟ್ಟ ಕಾಂಡ, ಬೆಂಡಿನಂಥ ಬಿರುಕು ಬಿರುಕಾದ ತೊಗಟೆ. ಎಲೆಯೆಲ್ಲ ಉದುರಿ, ಆ ಒರಟು ಮೈ ಮೇಲೆ ಅರಿಶಿನ ಚೆಲ್ಲಿದ ಹಾಗೆ ಹೂ. ನೋಡಲು ಸುಲಭ, ಬಿಡಿಸಲು ಭಯಂಕರ. ಹಳದಿಯಲ್ಲಿ ಕಡು ಅನ್ನುವುದೇ ಇಲ್ಲ. ಹಳದಿಗೆ ನೆರಳು ಹಾಕಲು ನಾನು ಒಂದು ಸಲ ಕಪ್ಪು ತಿಕ್ಕಿದೆ. ಮರಕ್ಕೆ ಪಾಚಿ ಹಿಡಿಯಿತು. ಹಳದಿಯ ಮೇಲೆ ಕಪ್ಪು ಹಸಿರಾಗುತ್ತದೆ, ಬೇಕಿದ್ದರೆ ಮನೆಗೆ ಹೋಗಿ ನೋಡಿ. ಎರಡು ದಿನದ ಕೆಲಸ ಹೋಯಿತು. ಈಗ ನಾನು ಹಳದಿಯ ನೆರಳಿಗೆ ಮೊದಲೇ ಕಾಗದದ ಮೇಲೆ ತೀರಾ ತೆಳುವಾಗಿ ನೇರಳೆ ಹಾಕಿ, ಅದರ ಮೇಲೆ ಹಳದಿ ಎಳೆದು, ಕೊನೆಗೆ ಕಾವಿ ಬಣ್ಣ ಸೇರಿಸುತ್ತೇನೆ. ಮಾಗಿದ ಬಾಳೆಹಣ್ಣಿನ ಮಗ್ಗುಲಿನ ಬಣ್ಣ ಬರುತ್ತದೆ. ಅದೇ ಸರಿ.

ಜಕರಾಂಡದ್ದು ಒಂದೇ ಮಾತು. ಫೋನಿನ ಫೋಟೋ ನೋಡಿ ಬಣ್ಣ ಹಾಕಬೇಡಿ. ಕಣ್ಣಿಗೆ ನೇರಳೆ ಕಂಡದ್ದು ಫೋನಿನಲ್ಲಿ ಬಹಳ ಸಲ ನೀಲಿಯಾಗಿ ಬರುತ್ತದೆ. ಗುಲ್‌ಮೊಹರ್‌ಗೆ ನೇರ ಕೆಂಪು ಹಾಕಿದರೆ ಸತ್ತ ಹಾಗಿರುತ್ತದೆ, ಕೆಳಗೆ ಹಳದಿ ಹಾಸಿ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು. ಇನ್ನು ಹೊಂಗೆ. ಹೊಂಗೆಯನ್ನು ಯಾರೂ ಬಿಡಿಸುವುದಿಲ್ಲ, ಅದರ ಫೋಟೋವನ್ನೂ ಹಾಕುವುದಿಲ್ಲ. ನನಗೆ ಮಾತ್ರ ಯುಗಾದಿಯ ಹೊತ್ತಿನ ಹೊಂಗೆಯ ಚಿಗುರಿಗಿಂತ ಚಂದದ ಹೂ ಇಲ್ಲ. ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳೆಯುವ ತಿಳಿ ಹಸಿರು. ಆ ಹೊಳಪೆಲ್ಲ ಕಾಗದದ ಬಿಳಿ, ಬಿಟ್ಟರೆ ಮಾತ್ರ ಸಿಗುತ್ತದೆ. ಹೂ ಸಣ್ಣದು, ಬಿಳಿಗೆ ತುಸು ನೇರಳೆ ಬೆರೆತದ್ದು. ಮರದ ಮೇಲೆ ಕಾಣುವುದಕ್ಕಿಂತ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಚೆನ್ನಾಗಿ ಕಾಣುತ್ತದೆ. ಒಂದು ವರ್ಷ ನಾನು ಕಾರಿನ ಬಾನೆಟ್ಟನ್ನೇ ಬಿಡಿಸಿದೆ.

ಪಂಚಾಂಗದಲ್ಲಿ ವಸಂತ ಶುರುವಾಗುವುದು ಯುಗಾದಿಗೆ. ಅಷ್ಟರಲ್ಲಿ ನಮ್ಮೂರಲ್ಲಿ ಅರ್ಧ ಹೂ ಬಿದ್ದಾಗಿರುತ್ತದೆ. ಡಿಸೆಂಬರ್, ಜನವರಿಯಿಂದ ಮೇ ತನಕ ಒಂದಾದ ಮೇಲೆ ಒಂದು ಸರದಿಯಲ್ಲಿ ಬರುತ್ತವಲ್ಲ, ಇದು ತಾನಾಗಿ ಆದದ್ದಲ್ಲ. ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅಂತ ಒಬ್ಬರಿದ್ದರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, 1908ರಲ್ಲಿ ಬೆಂಗಳೂರಿಗೆ ಬಂದರು. ಲಾಲ್‌ಬಾಗ್ ನೋಡಿಕೊಂಡರು. ವರ್ಷದ ಯಾವ ತಿಂಗಳಲ್ಲೂ ಯಾವುದಾದರೂ ಬೀದಿಯಲ್ಲಿ ಯಾವುದಾದರೂ ಮರ ಹೂ ಬಿಟ್ಟಿರಬೇಕು ಅಂತ ಲೆಕ್ಕ ಹಾಕಿ ನೆಡಿಸಿದ ಹೆಗ್ಗಳಿಕೆ ಅವರದು. ಲಾಲ್‌ಬಾಗ್ ಹತ್ತಿರ ಅವರ ಹೆಸರಿನ ರಸ್ತೆಯೇ ಇದೆ. 1956ರಲ್ಲಿ ಇಲ್ಲೇ ತೀರಿಕೊಂಡರು. ಅವರ ನಂತರವೂ ನೆಟ್ಟವರಿದ್ದಾರೆ. 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳರು ಬಡಾವಣೆ ಬಡಾವಣೆಗೂ ಗಿಡ ನೆಡಿಸಿದರು. ತಮಾಷೆ ಏನು ಗೊತ್ತಾ? ನಾನು ಬಳಸುವ ಪೆನ್ಸಿಲ್, ಫೇಬರ್ ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್, ಅದೂ ಜರ್ಮನಿಯದೇ, ಅದೂ ಮಾರುಕಟ್ಟೆಗೆ ಬಂದದ್ದು 1908ರಲ್ಲೇ. ಒಂದೇ ವರ್ಷ ಅಲ್ಲಿಂದ ನಮಗೆ ಮರದ ಸರದಿಯೂ ಬಂತು, ಅದನ್ನು ಬಿಡಿಸುವ ಬಣ್ಣವೂ ಹುಟ್ಟಿತು. ಇದಕ್ಕೆ ಅರ್ಥ ಏನೂ ಇಲ್ಲ, ನನಗೆ ಖುಷಿ ಅಷ್ಟೆ.

ಪೆನ್ಸಿಲ್ ದುಬಾರಿ ತಗೋಬೇಕಾ ಅಂತ ಕೇಳುತ್ತೀರಿ. ಕಲಿಯಲು ಬೇಡ. ಆದರೆ ಗೋಡೆಗೆ ಹಾಕುವುದಾದರೆ ಒಂದು ವಿಷಯ ತಿಳಿದಿರಲಿ. ನಾನು ತಂಗಿಯ ಗೃಹಪ್ರವೇಶಕ್ಕೆ ಗುಲಾಬಿ ಟಬೆಬುಯಾ ಬಿಡಿಸಿ ಕಟ್ಟು ಹಾಕಿಸಿ ಕೊಟ್ಟಿದ್ದೆ. ಕಿಟಕಿ ಎದುರಿನ ಗೋಡೆ. ಎರಡು ವರ್ಷ ಬಿಟ್ಟು ಹೋದರೆ ಆಕಾಶ ಹಾಗೇ ಇದೆ, ಕೊಂಬೆ ಹಾಗೇ ಇದೆ, ಹೂ ಇಲ್ಲ. “ಅಣ್ಣಾ, ನಿಂದು ನಿಜವಾದ ಮರ ಕಣೋ, ಉದುರ್ಬಿಡ್ತು” ಅಂದಳು. ಗುಲಾಬಿ, ನೇರಳೆಗಳಲ್ಲಿ ಕೆಲವು ಬೆಳಕಿಗೆ ಬೇಗ ಮಾಸುತ್ತವೆ. ಒಳ್ಳೆಯ ಪೆನ್ಸಿಲ್‌ಗಳ ಮೈ ಮೇಲೆ ನಕ್ಷತ್ರದ ಗುರುತೋ ಇನ್ನೇನೋ ಇರುತ್ತದೆ, ನಕ್ಷತ್ರ ಜಾಸ್ತಿ ಇದ್ದರೆ ಬಾಳಿಕೆ ಜಾಸ್ತಿ. ನಿಮ್ಮ ಪೆನ್ಸಿಲ್‌ನಲ್ಲಿ ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಪಟ್ಟಿ ಪಟ್ಟಿ ಬಣ್ಣ ಹಾಕಿ, ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲು ಬರುವ ಕಿಟಕಿಗೆ ಅಂಟಿಸಿ ಮೂರು ತಿಂಗಳು ಮರೆತುಬಿಡಿ. ರಟ್ಟು ತೆಗೆದಾಗ ಯಾವುದು ನಂಬಿಕಸ್ಥ ಅಂತ ಗೊತ್ತಾಗುತ್ತದೆ.

ಕೊನೆಗೆ ಒಂದೆರಡು ಪ್ರಶ್ನೆ ಬಂದವು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು: “ನನಗೆ ಮಂಡಿ ನೋವಪ್ಪ, ನೆಲದ ಮೇಲೆ ಕೂರೋಕಾಗಲ್ಲ. ಬಾಲ್ಕನಿಯಿಂದ ಮರದ ತಲೆ ಮಾತ್ರ ಕಾಣತ್ತೆ. ನಡೆಯತ್ತಾ?” ಅಜ್ಜಿ, ನಿಮಗೆ ನಮ್ಮೆಲ್ಲರಿಗಿಂತ ಒಳ್ಳೆಯ ಜಾಗ ಸಿಕ್ಕಿದೆ. ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಕೆಳಗೆ ಕೂತ ನಮಗೆ ಹೂವಿನ ಹೊಟ್ಟೆ ಕಾಣುತ್ತದೆ, ನಿಮಗೆ ಮುಖ ಕಾಣುತ್ತದೆ. ದುಂಬಿ ಬರುವುದೂ ಕಾಣುತ್ತದೆ.

ಒಬ್ಬರು ಮೇಡಂ, ಚಿತ್ರ ಮುಗಿಯಿತು ಅಂತ ಹೇಗೆ ಗೊತ್ತಾಗುತ್ತೆ ಅಂದರು. ನನ್ನ ಲೆಕ್ಕ ಸರಳ. ಬಿಳಿ ಬಿಟ್ಟ ಜಾಗಕ್ಕೆ ಏನಾದರೂ ಹಾಕೋಣ ಅಂತ ಕೈ ತುರಿಸಲು ಶುರುವಾಯಿತಾ, ಆಗ ಪೆನ್ಸಿಲ್ ಡಬ್ಬಿಗೆ ಹಾಕಿ ಕಾಫಿ ಕುಡಿಯಲು ಹೋಗುತ್ತೇನೆ. ಹೋಗದ ದಿನ ಚಿತ್ರ ಕೆಟ್ಟಿದೆ.

ಅಂದಹಾಗೆ, ಆ ಸೆಕ್ಯೂರಿಟಿಯವರ ಕಥೆ ಪೂರ್ತಿ ಮಾಡಲಿಲ್ಲ. ಮೂರನೇ ವಾರ ನಾನು ಹೋದಾಗ ಅವರೇ ಗೇಟಿನ ಹತ್ತಿರ ಕಾದಿದ್ದರು. “ಸಾರ್, ಇವತ್ತು ಆ ಕಡೆ ಹೋಗ್ಬೇಡಿ, ಎಲ್ಲ ಉದುರೋಗಿದೆ. ಟ್ಯಾಂಕ್ ಹಿಂದೆ ಒಂದು ಹಳದಿ ಐತೆ. ನಿನ್ನೆ ಮೊಗ್ಗು, ಇವತ್ತು ಬೆಳಿಗ್ಗೆ ಬಿಟ್ಟೈತೆ” ಅಂದರು. ಹೋಗಿ ನೋಡಿದೆ. ಮರದ ಕೆಳಗೆ ನನಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಸೂರ್ಯ ಸರಿಯಾಗಿ ಪಕ್ಕಕ್ಕಿದ್ದ.